ಓಲ್ಮನ್ ಬಿದ್ದ ತಿರುವಿನಿಂದ ನೂರು ಮೀಟರ್ ಮೇಲಕ್ಕೆ

ನಮ್ಮ ಗುಡ್ಡದಲ್ಲಿ ಮನೆಗಳಿಗೆ ನಂಬರಿಲ್ಲ, ರಸ್ತೆಗಳಿಗೆ ಹೆಸರಿಲ್ಲ. ನಮ್ಮಲ್ಲೇನು, ಇಡೀ ಕೋಸ್ಟರಿಕದಲ್ಲೇ ಹೆಚ್ಚುಕಡಿಮೆ ಹೀಗೆ. ಇಗರ್ಜಿಯಿಂದ ಇನ್ನೂರು ಮೀಟರ್ ಕೆಳಕ್ಕೆ, ಹಾಲಿನ ಡೇರಿಯಿಂದ ನೂರು ಮೀಟರ್ ಮೇಲಕ್ಕೆ, ಎಡಗಡೆ ನೀಲಿ ಗೇಟು. ಡೇರಿ ಮುಚ್ಚಿ ಯಾವ ಕಾಲವಾಯಿತೋ, ಆದರೂ ಡೇರಿಯೇ. ಬಿರುಗಾಳಿಗೆ ಉರುಳಿ, ಸೌದೆಯಾಗಿ, ಬೂದಿಯೂ ಆಗಿಹೋದ ಓಕ್ ಮರವೊಂದರಿಂದ ಇವತ್ತಿಗೂ ನಾಲ್ಕು ಮನೆಗಳ ವಿಳಾಸ ಹೊರಡುತ್ತದೆ. 'ಎಲ್ರೀ ಮರ?' ಎಂದು ಕೇಳಿದವನು ಹೊರಗಿನವನು ಎಂದೇ ಲೆಕ್ಕ. ಒಮ್ಮೆ ಸರ್ಕಾರದವರು ಬಂದು ರಸ್ತೆಗೆ ಹೆಸರಿಟ್ಟು ಫಲಕ ನೆಟ್ಟು ಹೋದರು. ಆ ಫಲಕ ಈಗ ಊರ ಹಿರಿಯ ದೊನ್ ವಿಲ್ಬರ್ತನ ಹಂದಿಗೂಡಿಗೆ ಬಾಗಿಲಾಗಿದೆ. ಒಳ್ಳೆಯ ತಗಡು, ತುಕ್ಕು ಹಿಡಿದಿಲ್ಲ.

ಎಮಿಲ್ಸೆಯ ಹೋಟೆಲಿನ ವಿಳಾಸ 'ಹಳೇ ಶಾಲೆಯಿಂದ ಮುನ್ನೂರು ಮೀಟರ್ ಮೇಲಕ್ಕೆ'. ರಾಜಧಾನಿ ಸಾನ್ ಹೊಸೆ ಕಡೆಯಿಂದ ಏದುಸಿರು ಬಿಡುತ್ತಾ ಹತ್ತಿಬರುವ ಹೆದ್ದಾರಿ ಗುಡ್ಡದ ನೆತ್ತಿ ಮುಟ್ಟುವುದಕ್ಕೆ ಸ್ವಲ್ಪ ಮುಂಚೆ, ಬಲಗಡೆ, ಹಲಗೆ ಗೋಡೆಯ ಹೋಟೆಲು, ಮುಂದೆ ಅಗಲವಾದ ಅಂಗಳ. ಬೆಲ್ಲದ ಬಿಸಿನೀರು, ಬಟ್ಟೆಚೀಲದಲ್ಲಿ ಸೋಸಿದ ಕಾಫಿ, ಅನ್ನಕ್ಕೆ ಕಪ್ಪು ಬೀನ್ಸ್ ಕಾಳು ಬೆರೆಸಿ ಹುರಿದ ಗಾಯೊ ಪಿಂಟೊ, ಮೆಕ್ಕೆಜೋಳದ ರೊಟ್ಟಿ, ಮನೆಯ ಚೀಸು. ಒಲೆಯ ಮುಂದೆ ಎಮಿಲ್ಸೆ, ಕಾವಲಿಯ ಮುಂದೆ ನಾದಿನಿ ಸೈದಿ. ಎಮಿಲ್ಸೆಯ ಗಂಡ ಓಲ್ಮನ್ ಇದೇ ಅಂಗಳದಲ್ಲಿ ಲಾರಿ ನಿಲ್ಲಿಸಿಕೊಂಡು, ಊರವರ ಎಲೆಕೋಸು ತುಂಬಿಕೊಂಡು ರಾಜಧಾನಿಯ ಮಾರುಕಟ್ಟೆಗೆ ಹೋಗಿಬರುತ್ತಿದ್ದ.

ಒಂದು ಮಂಜಿನ ಬೆಳಗ್ಗೆ ಅಂಗಳದಿಂದ ಹೊರಟ ಲಾರಿ ಕೆಳಗಿನ ಮೊದಲ ತಿರುವಿನಲ್ಲೇ ಕಣಿವೆಗೆ ಹೋಯಿತು. ಸದ್ದು ಎಮಿಲ್ಸೆಗೆ ಕೇಳಿಸಿತು. ಯಾರೋ ಗ್ಯಾಸ್ ಸಿಲಿಂಡರ್ ಇಳಿಸುತ್ತಿದ್ದಾರೆ ಅಂದುಕೊಂಡು ಈರುಳ್ಳಿ ಹೆಚ್ಚುವುದನ್ನು ಮುಂದುವರಿಸಿದಳು. ಎಲೆಕೋಸುಗಳು ಕಣಿವೆಯ ಉದ್ದಕ್ಕೂ ಚೆಲ್ಲಿ ಬಿದ್ದಿದ್ದವು. ಕೊಳೆತು ಮಣ್ಣಾಗುವವರೆಗೂ ಒಬ್ಬರೂ ಒಂದನ್ನೂ ಎತ್ತಿಕೊಳ್ಳಲಿಲ್ಲ. ಅಷ್ಟರ ಮಟ್ಟಿಗೆ ನಮ್ಮ ಜನ ಮರ್ಯಾದಸ್ಥರು.

ಎಮಿಲ್ಸೆ ಅಳಲಿಲ್ಲ. ಅಳು ನುಂಗಿಕೊಂಡಳು ಎಂದು ಕೆಲವರು ಹೇಳಿದರು, ಕಲ್ಲೆದೆಯವಳು ಎಂದು ಇನ್ನು ಕೆಲವರು. ಹೇಳುವವರಿಗೇನು, ಬಾಯಿಗೆ ಬಾಡಿಗೆಯೇ? ನಿಜ ಏನೆಂದರೆ ಅವಳಿಗೆ ಅಳು ಬರಲೇ ಇಲ್ಲ. ಏನೂ ಬರಲಿಲ್ಲ. ಶವಪೆಟ್ಟಿಗೆ ಮಣ್ಣಿಗಿಳಿಸುವಾಗ ಪಾದ್ರಿಯ ಷೂಗೆ ಕೆಸರು ಮೆತ್ತಿರುವುದು ಕಾಣಿಸಿತು, ಅಷ್ಟೇ. ಮನೆಗೆ ಬಂದು ಬೀನ್ಸ್ ನೆನೆಹಾಕಿದಳು. ಆಮೇಲೆ ದಿನಾ ಬೆಳಗ್ಗೆ ಎದ್ದಳು, ಒಲೆ ಹಚ್ಚಿದಳು, ಬಂದವರಿಗೆ ಬಡಿಸಿದಳು, ಉಪ್ಪು ಹೆಚ್ಚಾಯಿತೆಂದರೆ ಹೂಂ ಎಂದಳು, ಕಡಿಮೆ ಎಂದರೂ ಹೂಂ ಎಂದಳು. ಸೈದಿ ಮಾತ್ರ ಅಣ್ಣನ ಹೆಸರೆತ್ತಿದಾಗಲೆಲ್ಲ ಗೊಳೋ ಎಂದು ಅತ್ತು, ಮೂಗು ಒರೆಸಿಕೊಂಡು, ಮತ್ತೆ ರೊಟ್ಟಿ ತಟ್ಟುತ್ತಿದ್ದಳು. ಅವಳನ್ನು ನೋಡಿ ಎಮಿಲ್ಸೆಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅದನ್ನಾದರೂ ಹೊಟ್ಟೆಕಿಚ್ಚು ಎನ್ನಬಹುದೋ ಇಲ್ಲವೋ, ಅದೂ ಅರೆಬರೆ.

ಅದೇ ಮರ್ಯಾದಸ್ಥ ಜನ ವರ್ಷ ತುಂಬುವುದರೊಳಗೆ ವಿಳಾಸ ಬದಲಾಯಿಸಿಬಿಟ್ಟರು. ಯಾರ ಮೇಲೂ ತಪ್ಪು ಹೊರಿಸುವ ಹಾಗಿಲ್ಲ. ಹಳೇ ಶಾಲೆ ಪೊದೆಯೊಳಗೆ ಮುಚ್ಚಿಹೋಗಿ ಕಾಣಿಸುತ್ತಿರಲಿಲ್ಲ. ತಿರುವಿನಲ್ಲಾದರೆ ಮುರಿದ ತಡೆಗೋಡೆ ಇತ್ತು, ಬಿಳಿ ಶಿಲುಬೆ ಇತ್ತು, ಸೈದಿ ಕಟ್ಟಿದ ಪ್ಲಾಸ್ಟಿಕ್ ಹೂವಿತ್ತು. ದಾರಿ ಹೇಳುವವರಿಗೆ ಅದಕ್ಕಿಂತ ಗುರುತು ಬೇಕೆ? ಮೊದಲ ಸಲ ಎಮಿಲ್ಸೆ ಅದನ್ನು ಕೇಳಿದ್ದು ಬ್ರೆಡ್ ತರುವವನ ಬಾಯಿಂದ, ತನ್ನ ಹೋಟೆಲಿನ ಮೇಜಿನ ಮುಂದೆಯೇ. ಅವನು ಫೋನಿನಲ್ಲಿ ಯಾರಿಗೋ ಗಟ್ಟಿಯಾಗಿ ಹೇಳುತ್ತಿದ್ದ.

'ಅದೇ ಮಾರಾಯ, ಓಲ್ಮನ್ ಬಿದ್ದ ತಿರುವು ಗೊತ್ತಲ್ಲ? ಅಲ್ಲಿಂದ ನೂರು ಮೀಟರ್ ಮೇಲಕ್ಕೆ ಬಾ. ಹಾಂ, ಹೋಟೆಲೇ.'

ಹೇಳಿ ಮುಗಿಸಿದ ಮೇಲೆ ಎದುರಿಗೆ ನಿಂತವಳು ಯಾರೆಂದು ಅವನಿಗೆ ಹೊಳೆಯಿತು. ನಾಲಗೆ ಕಚ್ಚಿಕೊಂಡು, ಅಮ್ಮಾವ್ರೇ ಎನ್ನುವ ಹಾಗೆ ದೊನ್ಯಾ ಎಂದು ಶುರುಮಾಡಿದ. 'ದೊನ್ಯಾ ಎಮಿಲ್ಸೆ, ತಪ್ಪು ತಿಳ್ಕೋಬೇಡಿ. ಎಲ್ರೂ ಹಂಗೇ ಹೇಳ್ತಾರೆ ಅಂತ ನಾನೂ...'

'ನಿನ್ನೆ ಬ್ರೆಡ್ ಸೀದಿತ್ತು,' ಎಂದಳು ಎಮಿಲ್ಸೆ.

ಅವಳಿಗೆ ಸಿಟ್ಟು ಬರಲಿಲ್ಲ, ದುಃಖವೂ ಆಗಲಿಲ್ಲ. ಆದರೆ ಆ ಮಾತನ್ನು ತಾನು ಮಾತ್ರ ಹೇಳಲಿಲ್ಲ. ಊರೆಲ್ಲ ಹೇಳಿತು, ಗ್ಯಾಸಿನವನು ಹೇಳಿದ, ಪಾದ್ರಿಯೂ ಹೇಳಿದರು, ಅವನ ಒಡಹುಟ್ಟಿದ ಸೈದಿಯೂ ಹೇಳಿದಳು. ಎಮಿಲ್ಸೆ ಫೋನಿನಲ್ಲಿ ಯಾರು ಕೇಳಿದರೂ 'ಹಳೇ ಶಾಲೆಯಿಂದ ಮುನ್ನೂರು ಮೀಟರ್ ಮೇಲಕ್ಕೆ' ಎಂದೇ ಹೇಳಿದಳು. ಯಾಕೆ ಎಂದು ತನ್ನನ್ನು ತಾನು ಕೇಳಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಇಷ್ಟರಲ್ಲಿ ಹೋಟೆಲಿಗೆ ಕೆಟ್ಟ ಕಾಲ ಬಂತು. ಹಿಂದೆ ಗುಡ್ಡದಾಚೆಯ ಸಾನ್ ಇಸಿದ್ರೋಗೆ ಹೋಗುವ ಬಸ್ಸುಗಳೆಲ್ಲ ಅಂಗಳಕ್ಕೆ ನುಗ್ಗಿ, ಕಾಲು ಗಂಟೆ ನಿಂತು, ಜನ ಚಳಿಗೆ ಕೈ ಉಜ್ಜಿಕೊಳ್ಳುತ್ತಾ ಕಾಫಿಗೆ ಮುಗಿಬೀಳುತ್ತಿದ್ದರು. ಈಗಿನ ಬಸ್ಸುಗಳಲ್ಲಿ ಒಳಗೇ ಶೌಚಾಲಯ. ಹಾರನ್ ಬಾರಿಸಿಕೊಂಡು ಹೋಗಿಬಿಡುತ್ತಿದ್ದವು. ಅತ್ತಿಗೆ ನಾದಿನಿ ಇಬ್ಬರೂ ನೊಣ ಹೊಡೆಯೋಣವೆಂದರೆ ಈ ಚಳಿಗೆ ನೊಣವೂ ಇಲ್ಲ.

ಬಸ್ಸು ತಪ್ಪಿಸಿದ ಹೊಟ್ಟೆಪಾಡನ್ನು ಕರೆಂಟ್ ಕಾರುಗಳು ತರುವ ಹಾಗೆ ಕಾಣಿಸಿತು. ರಾಜಧಾನಿಯವರು ಒಬ್ಬರ ಹಿಂದೊಬ್ಬರು ಅದನ್ನೇ ಕೊಳ್ಳತೊಡಗಿದ್ದರು. ಊರೊಳಗೆ ಸುಮ್ಮನೆ ಜಾರುವ ಆ ಕಾರುಗಳಿಗೆ ನಮ್ಮ ಏರು ಹತ್ತುವಷ್ಟರಲ್ಲಿ ಜೀವ ಬಾಯಿಗೆ ಬರುತ್ತಿತ್ತು. ಏರೂ ಬ್ಯಾಟರಿ ತಿನ್ನುತ್ತದೆ, ಚಳಿಯೂ ತಿನ್ನುತ್ತದೆ, ಹೆದರಿ ಹಾಕಿಕೊಂಡ ಹೀಟರೂ ತಿನ್ನುತ್ತದೆ. ಮುಖ ಬಿಳಿಚಿಕೊಂಡ ಗಂಡ ಹೆಂಡತಿ ಒಳಗೆ ಬಂದು, 'ದೊನ್ಯಾ, ಒಂದು ಪ್ಲಗ್ ಇದೆಯಾ?' ಎಂದು ನೀರು ಕೇಳುವವರ ಹಾಗೆ ಕೇಳುತ್ತಿದ್ದರು. ಎಮಿಲ್ಸೆ ಅಡುಗೆಮನೆಯ ಪ್ಲಗ್ ತೋರಿಸುತ್ತಿದ್ದಳು. ಫ್ರಿಜ್ ಆರಿಸಬೇಕು, ಮಿಕ್ಸರ್ ಆರಿಸಬೇಕು. ಅಷ್ಟಾದರೂ ಆ ಪ್ಲಗ್ಗಿನಲ್ಲಿ ಕಾರು ತುಂಬುವುದೆಂದರೆ ಹನಿ ಹನಿ ನೀರಿನಲ್ಲಿ ತೊಟ್ಟಿ ತುಂಬಿದ ಹಾಗೆ. ಒಂದು ಸಂಸಾರವಂತೂ ಬೆಳಗಿನಿಂದ ಸಂಜೆವರೆಗೆ ಕೂತು, ಇಸ್ಪೀಟು ಆಡಿ, ಜಗಳವಾಡಿ, ರಾಜಿಯಾಗಿ, ಅಡುಗೆಮನೆಯಲ್ಲಿದ್ದದ್ದನ್ನೆಲ್ಲ ತಿಂದು ಮುಗಿಸಿ ಹೋಯಿತು.

ಕೊನೆಗೆ ಕರೆಂಟ್ ಕಂಪನಿಯವರು ಗುಡ್ಡದ ಮೇಲೆ ಒಂದು ಫಾಸ್ಟ್ ಚಾರ್ಜರ್ ಹಾಕುತ್ತೇವೆಂದರು. ಅರ್ಧ ಮುಕ್ಕಾಲು ಗಂಟೆಯಲ್ಲಿ ಕಾರಿಗೆ ಹೊಟ್ಟೆ ತುಂಬಿಸುವ ಯಂತ್ರ. ಒಂದೇ ಒಂದು. ಎಲ್ಲಿ ಹಾಕುವುದು? ಊರಿನ ಸಭಾಂಗಣದಲ್ಲಿ ಸಭೆ ಕರೆದರು. ಗ್ರೆಟ್ಟೆಲ್ ಎಂಬ ಇಂಜಿನಿಯರ್ ಹುಡುಗಿ, ಎರಡು ಸ್ವೆಟರ್ ಹಾಕಿಕೊಂಡರೂ ನಡುಗುತ್ತಾ, ಮುಂದೆ ನಿಂತಳು.

'ನಮ್ಮ ಹೊಲದ ಗೇಟಿನ ಹತ್ರ ಹಾಕ್ರಮ್ಮ. ಜಾಗ ಬೇಕಾದಷ್ಟಿದೆ,' ಎಂದ ದೊನ್ ವಿಲ್ಬರ್ತ್.

'ಹಂದಿ ವಾಸನೆಗೆ ಕಾರೇ ಹಿಂದಕ್ಕೆ ಓಡುತ್ತೆ ಬಿಡಪ್ಪ,' ಎಂದು ಹಿಂದಿನಿಂದ ಯಾರೋ ಅಂದರು.

ಪಾದ್ರಿಗಳು ಎದ್ದುನಿಂತು, 'ಮುಕ್ಕಾಲು ಗಂಟೆ ಸುಮ್ನೆ ಕೂತಿರ್ತಾರೆ ಅಂದ್ರೆ ಇಗರ್ಜಿ ಅಂಗಳದಲ್ಲಿ ಕೂರ್ಲಿ. ಆತ್ಮಕ್ಕೂ ಚಾರ್ಜ್ ಆಗಲಿ,' ಎಂದರು. ಎಲ್ಲರೂ ನಕ್ಕರು. ಪಾದ್ರಿ ನಗಲಿಲ್ಲ, ಅವರು ನಿಜವಾಗಿ ಹೇಳಿದ್ದು.

ಗ್ರೆಟ್ಟೆಲ್ ತಾಳ್ಮೆಯಿಂದ ಹೇಳಿದಳು. 'ಜಾಗ ಇದ್ರೆ ಸಾಲದು. ಮೊದಲು ತ್ರೀ ಫೇಸ್ ಲೈನ್ ಬೇಕು, ಇಗರ್ಜಿವರೆಗೆ ಅದು ಬಂದಿಲ್ಲ. ಹೆದ್ದಾರಿಯಿಂದ ಕಾಣ್ಬೇಕು. ಮಂಜಲ್ಲಿ ತಿರುಗಿಸಿಕೊಂಡು ಒಳಗೆ ಬರೋಕ್ಕೆ ಜಾಗ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ಜನ ಇರ್ಬೇಕು, ಬೆಳಕು, ಶೌಚಾಲಯ, ಬಿಸಿ ಕಾಫಿ ಇರ್ಬೇಕು. ಇಲ್ಲಾಂದ್ರೆ ಈ ಚಳೀಲಿ ಹೆಂಗಸರು ಮಕ್ಕಳು ಕಾರೊಳಗೆ ಮುದುಡಿಕೊಂಡು ಕೂತ್ಕೋಬೇಕಾ?'

ಅವಳು ಒಂದೊಂದು ಹೇಳಿದಂತೆಯೂ ತಲೆಗಳು ಒಂದೊಂದಾಗಿ ಎಮಿಲ್ಸೆಯ ಕಡೆ ತಿರುಗಿದವು. ಸೈದಿ ಅತ್ತಿಗೆಯ ತೊಡೆಗೆ ಚಿವುಟಿದಳು. ಚಾರ್ಜರ್ ಬಂದರೆ ಹೋಟೆಲು ಉಳಿಯಿತು, ಬಾರದಿದ್ದರೆ ಕ್ರಿಸ್‌ಮಸ್‌ಗೆ ಬಾಗಿಲು ಹಾಕುವುದು, ಸೈದಿ ಗುಡ್ಡ ಇಳಿದು ಮಗಳ ಮನೆ ಸೇರುವುದು, ಎಮಿಲ್ಸೆ ಒಬ್ಬಳೇ ಉಳಿಯುವುದು ಎಂದು ಇಬ್ಬರೂ ಮಾತಾಡಿಕೊಂಡಾಗಿತ್ತು. ಮಾತಾಡಿದ್ದು ಸೈದಿ, ಎಮಿಲ್ಸೆ ಹೂಂ ಎಂದಿದ್ದಳು.

'ಹಾಕ್ಕೊಳ್ಳಿ,' ಎಂದಳು ಎಮಿಲ್ಸೆ ಸಭೆಗೆ. ಚಪ್ಪಾಳೆ ಬಿತ್ತು.

ಗ್ರೆಟ್ಟೆಲ್ ಅಂಗಳ ಅಳೆದು ಹೋದಳು. ಕೆಲವು ವಾರಗಳ ಮೇಲೆ ಒಂದು ಬೆಳಗ್ಗೆ ಹೋಟೆಲಿನ ಫೋನ್ ಹೊಡೆದುಕೊಂಡಿತು. ಜಲ್ಲಿ ಸಿಮೆಂಟು ತುಂಬಿದ ಲಾರಿಯೊಂದಿಗೆ ಹೊರಟಿದ್ದ ಕಟ್ಟಡದ ಮೇಸ್ತ್ರಿ ಫುಲ್ವಿಯೊ. ದೊಡ್ಡ ಗಂಟಲಿನ ಮನುಷ್ಯ. ಸೈದಿ ಆಗ ಹಿತ್ತಲಲ್ಲಿ ಸೀಮೆಬದನೆ ಕೀಳುತ್ತಿದ್ದಳು.

'ದೊನ್ಯಾ, ನಮಸ್ಕಾರ. ಚಾರ್ಜರ್ ಕಟ್ಟೆ ಹಾಕೋಕ್ಕೆ ಬರ್ತಾ ಇದ್ದೀವಿ. ಇಂಜಿನಿಯರಮ್ಮ ಏನೋ ಅಕ್ಷಾಂಶ ರೇಖಾಂಶ ಅಂತ ಉದ್ದಕ್ಕೆ ನಂಬರ್ ಕಳ್ಸವ್ರೆ. ಅದನ್ನ ಇಟ್ಕೊಂಡು ನಾನೇನು ಹಡಗು ನಡೆಸ್ಲಾ? ನೀವು ಬಾಯಲ್ಲಿ ಹೇಳಿ, ಎಲ್ಲಿ ಬರುತ್ತೆ ಜಾಗ?'

ಎಮಿಲ್ಸೆ ಬಾಯಿ ತೆರೆದಳು. ಎಲ್ಲರೂ ಹೇಳುವ ಮಾತು ನಾಲಗೆಯ ತುದಿಗೆ ಬಂದು ನಿಂತಿತು. ಅಲ್ಲೇ ನಿಂತಿತು.

'ಹಳೇ ಶಾಲೆಯಿಂದ ಮುನ್ನೂರು ಮೀಟರ್ ಮೇಲಕ್ಕೆ,' ಎಂದಳು. 'ಬಲಗಡೆ.'

'ಹಳೇ ಶಾಲೇನಾ? ಅಯ್ಯೋ ಕಣ್ಣು ಮುಚ್ಕೊಂಡು ಬರ್ತೀನಿ ಬಿಡಿ!'

ಕಣ್ಣು ಮುಚ್ಚಿಕೊಂಡೇ ಬಂದ ಪುಣ್ಯಾತ್ಮ. ಅವನು ಹುಟ್ಟಿದ್ದು ಗುಡ್ಡದ ಬಹಳ ಕೆಳಗಿನ ಲಾಸ್ ಮೋರಾಸ್ ಎಂಬ ಹಳ್ಳಿಯಲ್ಲಿ. ಅಲ್ಲೂ ಒಂದು ಶಾಲೆ ಇತ್ತು, ಅವನು ಅಕ್ಷರ ಕಲಿತ ಶಾಲೆ. ಎಂದೋ ಬೆಂಕಿಗೆ ಸುಟ್ಟುಹೋಗಿತ್ತು. ಅವನ ಪಾಲಿಗೆ ಈ ಭೂಮಿಯ ಮೇಲೆ ಹಳೇ ಶಾಲೆ ಅಂದರೆ ಅದೊಂದೇ. ಅಲ್ಲಿಂದ ಮುನ್ನೂರು ಮೀಟರ್ ಮೇಲಕ್ಕೆ ಹೋದರೆ ಬಲಗಡೆ ಅಗಲವಾದ ಅಂಗಳ, ಬಾಗಿಲು ಹಾಕಿದ ಚೀಸಿನ ಅಂಗಡಿ, ಪಕ್ಕದಲ್ಲೇ ಕರೆಂಟಿನ ದಪ್ಪ ಲೈನು. ಇನ್ನೇನು ಬೇಕು? ಮೂಗಿನ ಮೇಲೆ ಬೆರಳಿಡುವ ಹಾಗೆ ಎಲ್ಲ ಹೊಂದಿಕೊಂಡಿತು. ಅಂಗಡಿ ಮುಚ್ಚಿದೆಯಲ್ಲ, ದೊನ್ಯಾ ಎಲ್ಲಿ ಎಂದು ಅವನ ಆಳೊಬ್ಬ ಕೇಳಿದನಂತೆ. 'ಮಾರ್ಕೆಟ್‌ಗೆ ಹೋಗಿರ್ತಾರೆ, ಕಲಸು,' ಎಂದನಂತೆ ಮೇಸ್ತ್ರಿ. ಸಂಜೆಯೊಳಗೆ ಕಾಂಕ್ರೀಟು ಹಾಕಿ, ಮಟ್ಟ ಮಾಡಿ, ಮೂಲೆಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನೂ ಕೊರೆದ.

ಎಮಿಲ್ಸೆ ಆ ದಿನವಿಡೀ ಆಳುಗಳಿಗೆಂದು ಬೇಯಿಸಿಟ್ಟ ಬೀನ್ಸ್ ಕಾಯುತ್ತಾ ಕೂತಿದ್ದಳು.

ತಪ್ಪು ಬೆಳಕಿಗೆ ಬಂದಾಗ ಕೈಮೀರಿತ್ತು. ಚೀಸಿನಂಗಡಿಯ ಯಜಮಾನ ಪಟ್ಟಣದಲ್ಲಿದ್ದವನು, ಕೇಳದೆ ಬಂದ ಭಾಗ್ಯವೆಂದು ಕುಣಿದಾಡಿ ಜಾಗ ಬರೆದುಕೊಟ್ಟ. ಲೈನೂ ಇದೆ, ಕಟ್ಟೆಯೂ ಆಗಿದೆ, ಅಲ್ಲೇ ಇರಲಿ ಎಂದರು ಕಂಪನಿಯ ಮೇಲಿನವರು. ಗ್ರೆಟ್ಟೆಲ್ ಹೋಟೆಲಿಗೆ ಬಂದು, ಕಾಫಿ ಮುಟ್ಟದೆ, ಕ್ಷಮೆ ಕೇಳಿ ಹೋದಳು.

ಅವಳ ಕಾರು ಮರೆಯಾದದ್ದೇ ತಡ, ಸೈದಿ ತಿರುಗಿ ನಿಂತಳು.

'ಅತ್ತಿಗೆ, ಏನು ವಿಳಾಸ ಹೇಳಿದ್ರಿ ಅವನಿಗೆ?'

'ಹಳೇ ಶಾಲೆ.'

'ಹಳೇ ಶಾಲೆ! ಈ ಗುಡ್ಡದಲ್ಲಿ ನಾಯಿಗೂ ಗೊತ್ತು ಓಲ್ಮನ್ ಬಿದ್ದ ತಿರುವು. ಅದೊಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?'

'ಬಾಯಿಗೆ ಬರ್ಲಿಲ್ಲ.'

'ನನಗೆ ಸಲೀಸಾಗಿ ಬರುತ್ತಾ? ಒಂದೇ ತಾಯಿ ಹಾಲು ಕುಡಿದೋರು ನಾವು. ನಾನು ಹೇಳಲ್ವಾ? ಹೇಳಿದಾಗ್ಲೆಲ್ಲ ಕರುಳು ಕಿತ್ತು ಬರುತ್ತೆ, ಆದ್ರೂ ಹೇಳ್ತೀನಿ. ನಿಮಗೆ ಅಷ್ಟೂ ಆಗಲ್ವಾ? ನಿಮಗೆ ಏನಾದ್ರೂ ಅನ್ಸುತ್ತಾ ಅತ್ತಿಗೆ, ಏನಾದ್ರೂ?'

ಎಮಿಲ್ಸೆ ಯೋಚಿಸಿದಳು. ನಿಜ ಹೇಳಬೇಕೆಂದೇ ಯೋಚಿಸಿದಳು. 'ಇಲ್ಲ,' ಎಂದಳು.

ಸೈದಿ ಕೈಯಲ್ಲಿದ್ದ ಹಿಟ್ಟನ್ನು ಪಾತ್ರೆಗೆ ಎಸೆದು ಒಳಗೆ ಹೋದಳು. ಎಮಿಲ್ಸೆ ಆ ಹಿಟ್ಟನ್ನು ಎತ್ತಿ, ನಾದಿ, ತಾನೇ ರೊಟ್ಟಿ ತಟ್ಟಿದಳು. ಅವಳು ತಟ್ಟಿದ ರೊಟ್ಟಿ ಯಾವತ್ತೂ ದುಂಡಗಾದದ್ದಿಲ್ಲ.

ಮಳೆಗಾಲ ಬಂತು. ಲಾಸ್ ಮೋರಾಸ್‌ನ ಯಂತ್ರ ಹಸಿರು ದೀಪ ಹಚ್ಚಿಕೊಂಡು ಮಂಜಿನಲ್ಲಿ ಒಂಟಿ ನಿಂತಿತ್ತು. ಕಾರಿನವರು ಅಲ್ಲಿ ತಂತಿ ಚುಚ್ಚಿ, ಮುಚ್ಚಿದ ಅಂಗಡಿಯ ಬಾಗಿಲು ಬಡಿದು, ಯಾರೂ ಇಲ್ಲವೆಂದು ತಿಳಿದು, ಕೊಡೆ ಹಿಡಿದು ಹಸುಗಳ ನಡುವೆ ಮೂತ್ರಕ್ಕೆ ಹೋಗಿ, ಬೈದುಕೊಳ್ಳುತ್ತಾ ಕೂರುತ್ತಿದ್ದರು. ಬ್ಯಾಟರಿ ತುಂಬಿದ ಮೇಲೆ ಯಾಕೆ ನಿಲ್ಲುತ್ತಾರೆ? ಎಮಿಲ್ಸೆಯ ಅಂಗಳದ ಮುಂದೆ ಸದ್ದೇ ಇಲ್ಲದೆ ಹಾದುಹೋಗುತ್ತಿದ್ದರು. ಪ್ಲಗ್ ಕೇಳಿಕೊಂಡು ಬರುವವರೂ ನಿಂತುಹೋದರು. ಸೈದಿ ಮಗಳಿಗೆ ಫೋನ್ ಮಾಡಿ, ಕ್ರಿಸ್‌ಮಸ್‌ವರೆಗೂ ಕಾಯುವುದಿಲ್ಲ, ಕೋಣೆ ಗುಡಿಸಿಡು ಎಂದಳು. ಅವಳು ಚೀಲಕ್ಕೆ ಬಟ್ಟೆ ತುಂಬುವುದನ್ನು ಎಮಿಲ್ಸೆ ಬಾಗಿಲಲ್ಲಿ ನಿಂತು ನೋಡಿದಳು. ಇರು ಎನ್ನಬೇಕು ಎಂದು ಗೊತ್ತಿತ್ತು. ಆ ಮಾತೂ ಬರಲಿಲ್ಲ. 'ಉಣ್ಣೆ ಶಾಲು ಮರೀಬೇಡ,' ಎಂದಳು.

ಆ ವಾರವೇ ಲಾಸ್ ಮೋರಾಸ್‌ನಲ್ಲಿ ಒಬ್ಬ ಮುದುಕಿ ಕಾರಿನೊಳಗೆ ಚಳಿ ಹಿಡಿದು ಪ್ರಜ್ಞೆ ತಪ್ಪಿದಳು. ಮಗ ಅವಳನ್ನು ಹೊತ್ತುಕೊಂಡು ದೊನ್ ವಿಲ್ಬರ್ತನ ಭಾವನ ಮನೆಗೆ ಓಡಿ, ಅವರು ಬೆಲ್ಲದ ನೀರು ಕುಡಿಸಿ, ಅಂತೂ ಜೀವ ಉಳಿಯಿತು. ದೂರುಗಳ ಮಳೆ ಸುರಿಯಿತು. ಕಂಪನಿಯ ಮೇಲಿನವರಿಗೆ ಆಗ ಬುದ್ಧಿ ಬಂತು, ಅಥವಾ ಗ್ರೆಟ್ಟೆಲ್ ಅವರ ತಲೆ ತಿಂದು ತಿಂದು ಬುದ್ಧಿ ತುಂಬಿಸಿದಳು. ಯಂತ್ರವನ್ನು ಕಿತ್ತು ಮೇಲಕ್ಕೆ, ಎಮಿಲ್ಸೆಯ ಅಂಗಳಕ್ಕೆ ತರುವುದೆಂದು ತೀರ್ಮಾನವಾಯಿತು.

'ಈ ಸಲ ನಾನೇ ಜೊತೇಲಿ ಬರೋಣ ಅಂದ್ಕೊಂಡೆ ದೊನ್ಯಾ, ಬೇರೆ ಕಡೆ ಕೆಲಸ ಬಿತ್ತು,' ಎಂದಳು ಗ್ರೆಟ್ಟೆಲ್ ಫೋನಿನಲ್ಲಿ. 'ಅದೇ ಮೇಸ್ತ್ರಿ. ನಂಬರ್ ನೋಡು ಅಂದ್ರೆ ನೋಡಲ್ಲ. ನಿಮಗೇ ಫೋನ್ ಮಾಡ್ತಾನೆ. ದಯವಿಟ್ಟು ಅವನಿಗೆ ಅರ್ಥ ಆಗೋ ಹಾಗೆ ಹೇಳಿ.'

ಫೋನ್ ಬಂತು. ಸೈದಿಯ ಚೀಲ ಬಾಗಿಲ ಬಳಿ ಇತ್ತು, ಸೈದಿ ಅದರ ಪಕ್ಕ. ನಾನು ಮಾತಾಡಲಾ ಎಂದು ಕೈಚಾಚಿದಳು. ಎಮಿಲ್ಸೆ ಕೊಡಲಿಲ್ಲ.

'ದೊನ್ಯಾ, ಹೋದ ಸಲ ಮೋಸ ಹೋದ್ವಿ,' ಎಂದ ಫುಲ್ವಿಯೊ, ಮೋಸ ಮಾಡಿದ್ದು ರಸ್ತೆಯೇನೋ ಎಂಬಂತೆ. 'ಈ ಸಲ ಸರಿಯಾಗಿ ಹೇಳ್ಬಿಡಿ. ಎಲ್ಲಿಂದ?'

ಎಮಿಲ್ಸೆ ಗೋಡೆಯ ಕಡೆ ತಿರುಗಿದಳು. ಮಾತು ಹೊರಬಂದರೆ ಏನಾಗುತ್ತದೋ ಎಂದು ಇಷ್ಟು ದಿನ ಎಲ್ಲೋ ಒಳಗೆ ಹೆದರಿದ್ದಳು. ಈಗ ಕಣ್ಣು ಮುಚ್ಚಿ ಹೇಳಿದಳು. 'ಓಲ್ಮನ್ ಬಿದ್ದ ತಿರುವಿನಿಂದ ನೂರು ಮೀಟರ್ ಮೇಲಕ್ಕೆ.'

'ಓಹೋ, ಅಲ್ಲಿನಾ! ಆ ಎಲೆಕೋಸಿನ ಲಾರಿಯೋನು! ಮೊದ್ಲೇ ಹಂಗೆ ಹೇಳ್ಬಾರ್ದಿತ್ತಾ ದೊನ್ಯಾ? ಒಂದು ಲಾರಿ ಸಿಮೆಂಟು ದಂಡ ಆಯ್ತು ನೋಡಿ!'

'ಹೂಂ,' ಎಂದಳು ಎಮಿಲ್ಸೆ.

ಫೋನ್ ಇಟ್ಟಳು. ಏನೂ ಆಗಲಿಲ್ಲ. ಎದೆ ಒಡೆಯಲಿಲ್ಲ, ಕಾಲು ಕುಸಿಯಲಿಲ್ಲ. ಒಂದು ಸೇರು ಉಪ್ಪು ಕೇಳಿದಷ್ಟು ಸಲೀಸಾಗಿ ಮಾತು ಬಂದು ಹೋಗಿತ್ತು. ಅದಕ್ಕೇ ಅವಳಿಗೆ ಭಯವಾಯಿತು. ಇಷ್ಟೇ ಆಗಿದ್ದರೆ ಮೊದಲೇ ಹೇಳಬಹುದಿತ್ತಲ್ಲ ಅನ್ನಿಸಿತು. ಸೈದಿ ಬಂದು ತಬ್ಬಿಕೊಂಡು ಅತ್ತಳು. ಅತ್ತು, ಚೀಲವನ್ನು ಒಳಗೆ ಎಳೆದುಕೊಂಡು ಹೋದಳು. ಎಮಿಲ್ಸೆ ತನ್ನ ಭುಜದ ಮೇಲಿನ ಒದ್ದೆಯನ್ನು ಏಪ್ರನ್ನಿನಿಂದ ಒರೆಸಿ, ಬೀನ್ಸ್‌ಗೆ ನೀರು ಹಾಕಿದಳು.

ಯಂತ್ರ ಬಂತು, ಜನ ಬಂದರು. ಗ್ರೆಟ್ಟೆಲ್ ಹೇಳಿದ್ದು ಸುಳ್ಳಾಗಲಿಲ್ಲ. ಮುಕ್ಕಾಲು ಗಂಟೆ ಕಟ್ಟಿಹಾಕಿದ ಮನುಷ್ಯ ಮೊದಲು ಕಾಫಿ ಕುಡಿಯುತ್ತಾನೆ, ಆಮೇಲೆ ವಾಸನೆಗೆ ಸೋಲುತ್ತಾನೆ, ಆಮೇಲೆ ಊಟವನ್ನೇ ಮಾಡುತ್ತಾನೆ. ಸೈದಿಗೆ ಕಾವಲಿಯಿಂದ ಕೈ ತೆಗೆಯಲು ಬಿಡುವಿಲ್ಲ. ಯಾರೋ ಫೋನಿನ ಮ್ಯಾಪಿನಲ್ಲಿ ಆ ಜಾಗಕ್ಕೆ 'ಓಲ್ಮನ್ ಬಿದ್ದ ತಿರುವು' ಎಂದೇ ಹೆಸರು ಬರೆದುಬಿಟ್ಟರು. ಬಂದವರು ಒಳಗೆ ಕಾಲಿಡುತ್ತಲೇ ನಗುನಗುತ್ತಾ ಕೇಳುತ್ತಿದ್ದರು: 'ಇದೇನಾ ದೊನ್ಯಾ, ಓಲ್ಮನ್ ಬಿದ್ದ ಜಾಗ?' ಎಮಿಲ್ಸೆ ಹೌದು ಎನ್ನುತ್ತಿದ್ದಳು. ಏನು ಕೊಡಲಿ ಎನ್ನುತ್ತಿದ್ದಳು.

ಡಿಸೆಂಬರ್‌ನ ಒಂದು ಮಧ್ಯಾಹ್ನ, ಕನ್ನಡಕದ ಚೌಕಟ್ಟು ಮಾರುವವನೊಬ್ಬ ಬಂದ. ಟೈ ಸಡಿಲಿಸಿಕೊಂಡು, ಚಳಿಗೆ ಹಲ್ಲು ಕಡಿಯುತ್ತಾ, ಮಾತಿನ ಮಲ್ಲ. ಕಾಫಿ ಹೇಳಿ, ಮೇಜಿಗೆ ಒರಗಿ ನಿಂತ.

'ದೊನ್ಯಾ, ದಾರಿಯುದ್ದಕ್ಕೂ ಯೋಚ್ನೆ ಮಾಡ್ತಾ ಬಂದೆ. ಯಾರ್ರೀ ಅದು ಓಲ್ಮನ್ನು? ಕುಡಿದು ಬಿದ್ನಾ?'

ಎಮಿಲ್ಸೆ ಚೀಲದಲ್ಲಿ ಕಾಫಿ ಸೋಸುತ್ತಿದ್ದಳು. ತಲೆ ಎತ್ತಲಿಲ್ಲ.

'ಗೊತ್ತಿಲ್ಲ ಸಾರ್. ನಾನಿಲ್ಲಿಗೆ ಬರೋಕ್ಕೆ ಮುಂಚಿನ ಮಾತು.'

'ಹಾಂ, ಹಳೇ ಕಥೆ!' ಎಂದ ಅವನು. ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಕಾಫಿ ಎತ್ತಿಕೊಂಡು ಮಾತಾಡುತ್ತಾ ಕಾರಿಗೆ ಹೋದ.

ಹಿಂದೆ ರೊಟ್ಟಿ ತಟ್ಟುವ ಸದ್ದು ನಿಂತಿತ್ತು. ಸೈದಿ ಬೈಯುತ್ತಾಳೆ ಎಂದು ಎಮಿಲ್ಸೆ ಕಾದಳು. ಬೈದಿದ್ದರೆ ಚೆನ್ನಾಗಿತ್ತು. ಸೈದಿ ಕಾವಲಿಯ ಮೇಲಿನ ರೊಟ್ಟಿಯನ್ನು ನೋಡುತ್ತಾ ನಿಂತಿದ್ದಳು. ರೊಟ್ಟಿಯಿಂದ ಹೊಗೆ ಏಳುತ್ತಿತ್ತು.

ಗೊತ್ತಿಲ್ಲ ಅಂದುಬಿಟ್ಟೆನಲ್ಲ, ಅಂದುಕೊಂಡಳು ಎಮಿಲ್ಸೆ. ಮೂವತ್ತು ವರ್ಷ ಒಂದೇ ಕಂಬಳಿ ಹೊದ್ದವರನ್ನು ಗೊತ್ತಿಲ್ಲ ಅಂದುಬಿಟ್ಟೆ. ಕುಡಿದು ಬಿದ್ದರೆಂದು ಆ ಮನುಷ್ಯ ಹೋಗಿ ನಾಲ್ಕು ಜನಕ್ಕೆ ಹೇಳುತ್ತಾನೆ, ಅದೇ ಊರ ಮಾತಾಗಿ ಉಳಿದುಬಿಡುತ್ತದೆ. ಬಸ್ಸಾಗಿದ್ದರೆ, ಪೆಟ್ರೋಲ್ ಕಾರಾಗಿದ್ದರೆ, ಅವನು ಇಷ್ಟರಲ್ಲಿ ಅವಳ ಸುಳ್ಳನ್ನು ಹೊತ್ತುಕೊಂಡು ಗುಡ್ಡ ಇಳಿದಿರುತ್ತಿದ್ದ. ಆದರೆ ಕಾರಿನ್ನೂ ಅಂಗಳದಲ್ಲೇ ಇತ್ತು, ಯಂತ್ರಕ್ಕೆ ಕಟ್ಟಿದ ಕರುವಿನ ಹಾಗೆ.

ಶಾಲೂ ಹೊದೆಯದೆ ಹೊರಗೆ ಹೋದಳು. ಮಂಜಿನಲ್ಲಿ ಕಾರಿನ ಗಾಜು ಬಡಿದಳು. ಅವನು ಗಾಜು ಇಳಿಸಿದ.

'ಸಾರ್, ಸುಳ್ಳು ಹೇಳ್ದೆ ನಿಮಗೆ. ಓಲ್ಮನ್ ನನ್ನ ಗಂಡ.'

ಅವನ ಕೈಯಲ್ಲಿದ್ದ ಕಾಫಿ ತೊಡೆಯ ಮೇಲೆ ಚೆಲ್ಲಿತು. 'ಅಯ್ಯೋ ದೇವ್ರೇ. ದೊನ್ಯಾ, ನಾನು... ಕುಡಿದು ಅಂತ ಬೇರೆ...'

'ಕುಡೀತಿರ್ಲಿಲ್ಲ ಅವರು. ಕುಡಿದ್ರೆ ಹೊಟ್ಟೆ ಉರಿ ಬರೋದು. ಸಿಗರೇಟು ಸೇದೋರು, ಲಾರಿ ಹಿಂದೆ ನಿಂತ್ಕೊಂಡು. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ರು.'

ಅವನು ಗಾಬರಿಯಲ್ಲಿ ಕಾರಿನಿಂದಿಳಿದು ತಂತಿ ಕೀಳಲು ಹೋದ. ಹೊರಟುಬಿಡಬೇಕೆನ್ನಿಸಿರಬೇಕು ಪಾಪ. ಎಮಿಲ್ಸೆ ಬೇಡ ಎಂದಳು.

'ಇನ್ನೂ ಅರ್ಧ ಆಗಿಲ್ಲ. ಒಳಗೆ ಬನ್ನಿ, ಚಳಿ. ಪ್ಯಾಂಟ್ ಒದ್ದೆಯಾಗಿದೆ, ಒಲೆ ಹತ್ರ ಕೂತ್ಕೊಳ್ಳಿ.'

ಅವನನ್ನು ಒಲೆಯ ಬಳಿ ಕೂರಿಸಿ ತಾನೂ ಎದುರಿಗೆ ಕೂತಳು. ಗಿರಾಕಿಯ ಎದುರು ಅವಳು ಕೂತದ್ದು ಅದೇ ಮೊದಲು. ಸೈದಿ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ಎಲ್ಲಿಂದ ಶುರುಮಾಡಬೇಕೆಂದು ಎಮಿಲ್ಸೆಗೆ ತಿಳಿಯಲಿಲ್ಲ. ಎಲೆಕೋಸಿನ ವಿಷಯ ಹೇಳಿದಳು. ಅವರು ದಿನಾ ಒಂದು ಕೋಸನ್ನು ಬೇರೆ ತೆಗೆದಿಟ್ಟು, ಅದು ಮನೆಗೆ ಎನ್ನುತ್ತಿದ್ದರು, ನನಗೆ ಎಲೆಕೋಸು ಕಂಡರಾಗದು ಎಂದು ಹೇಳಲು ಕೊನೆಗೂ ಬಾಯಿ ಬರಲಿಲ್ಲ ಎಂದಳು.

'ಅವನಿಗೆ ಗೊತ್ತಿತ್ತು ಅತ್ತಿಗೆ,' ಎಂದಳು ಸೈದಿ. 'ತಿನ್ನೋವಾಗ ನಿಮ್ಮ ಮುಖ ನೋಡೋಕ್ಕೇ ತರ್ತಿದ್ದ. ನನ್ನ ಹತ್ರ ಹೇಳ್ಕೊಂಡು ನಗ್ತಿದ್ದ.'

'ಹೌದಾ?'

'ಹೂಂ ಮತ್ತೆ.'

ಎಮಿಲ್ಸೆ ನಕ್ಕಳು. ಕನ್ನಡಕದವನೂ ನಕ್ಕ, ನಗಬಹುದೋ ಬಾರದೋ ಎಂದು ಇಬ್ಬರ ಮುಖ ನೋಡುತ್ತಾ. ಆಮೇಲೆ ಮೆಲ್ಲಗೆ ಕೇಳಿದ: 'ಮಂಜಲ್ಲಿ ಬಿದ್ರಾ ದೊನ್ಯಾ?'

'ಎಲ್ರೂ ಬಿದ್ರು ಬಿದ್ರು ಅಂತಾರೆ,' ಎಂದಳು ಎಮಿಲ್ಸೆ. 'ಜಾರಿ ಬಿದ್ದು ಎದ್ದು ಮಣ್ಣು ಕೊಡವಿಕೊಂಡು ಬರ್ತಾರೇನೋ ಅನ್ನೋ ಹಂಗೆ. ನಾನೂ ಹಂಗೇ ಹೇಳ್ದೆ ಫೋನಲ್ಲಿ. ಬಿದ್ದಿದ್ದಲ್ಲ ಸಾರ್. ಸತ್ತೋದ್ರು.'

ಆ ಮಾತು ಅವಳ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ಬಂದ ಮೇಲೆ ಮೇಜು ಹಿಡಿದುಕೊಂಡಳು. ನೋವಾಯಿತು. ಇಷ್ಟು ದಿನ ಎಲ್ಲಿತ್ತೋ, ಎದೆಯ ಎಲುಬು ಬಿರಿಯುವಂಥ ನೋವು. ಅವಳು ನಾದಿನಿಯ ಕಡೆ ತಿರುಗಿದಳು.

'ಸತ್ತೋದ್ರು ಕಣೇ ಸೈದಿ.'

'ಹೌದು ಅತ್ತಿಗೆ,' ಎಂದಳು ಸೈದಿ.